ಮಂಡಿಯೂರಿದ ಫರೋಹ: ಈಜಿಪ್ಟಿನ ರಾಜಶಿಲ್ಪ ಮತ್ತು ದೇವರ ಸ್ವರೂಪ

ವಿಮೋಚನಕಾಂಡವನ್ನು ಓದುವಾಗ ಫರೋಹನು ನಮಗೆ ಹೃದಯ ಕಠಿಣಗೊಂಡ, ಯಾರಿಗೂ ತಲೆಬಾಗದ ದೊರೆಯಾಗಿ ಕಾಣುತ್ತಾನೆ. ಆದರೆ ಈಜಿಪ್ಟಿನ ಶಿಲ್ಪಿಗಳು ತಮ್ಮ ಅರಸರನ್ನು ಮಂಡಿಯೂರಿದ ಭಂಗಿಯಲ್ಲಿಯೂ ಕಡೆದಿದ್ದಾರೆ. ಅರಸನ ಈ ಎರಡು ಮುಖಗಳನ್ನು ಜೊತೆಯಾಗಿ ನೋಡಿದರೆ, ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಬರುವ 'ಸ್ವರೂಪ' ಎಂಬ ಪದದ ಆಳ ನಮಗೆ ತಿಳಿಯುತ್ತದೆ.

ಮೊದಲು ಸಿಂಹಾಸನಾರೂಢ ಅರಸನನ್ನು ನೋಡೋಣ. ಗೀಝಾದ ಎರಡನೆಯ ದೊಡ್ಡ ಪಿರಮಿಡ್ಡನ್ನು ಕಟ್ಟಿಸಿದ ಖಫ್ರೆಯ ಪ್ರತಿಮೆ 1860ರಲ್ಲಿ ಅಲ್ಲಿನ ಕಣಿವೆಯ ದೇವಾಲಯದಲ್ಲಿ ದೊರೆಯಿತು. ಕಪ್ಪು ಛಾಯೆಯ ಕಠಿಣ ಶಿಲೆಯಲ್ಲಿ ಕಡೆದ ಅರಸನು ನಿಶ್ಚಲನಾಗಿ ಕುಳಿತಿದ್ದಾನೆ. ತಲೆಯ ಹಿಂದೆ ಹೋರಸ್ ದೇವತೆಯು ಗಿಡುಗದ ರೂಪದಲ್ಲಿ ರೆಕ್ಕೆ ಚಾಚಿ ಅವನನ್ನು ಕಾಯುತ್ತಿದೆ. ಎದುರಿನಿಂದ ನೋಡುವವರಿಗೆ ಗಿಡುಗ ಕಾಣದು; ಬದಿಗೆ ಸರಿದಾಗಲೇ ಅರಸನ ಬಲದ ಮೂಲ ಗೋಚರವಾಗುತ್ತದೆ.

ಇನ್ನು ಎರಡನೆಯ ಮುಖ. ಆರನೆಯ ರಾಜವಂಶದ ಒಂದನೆಯ ಪೇಪಿಯ ಪುಟ್ಟ ಪ್ರತಿಮೆಯೊಂದು ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಎತ್ತರ ಸುಮಾರು 15 ಸೆಂಟಿಮೀಟರ್ ಮಾತ್ರ. ಅರಸನು ಮಂಡಿಯೂರಿ, ಎರಡೂ ಕೈಗಳಲ್ಲಿ ನೈವೇದ್ಯದ ದುಂಡನೆಯ ಪಾತ್ರೆಗಳನ್ನು ಹಿಡಿದಿದ್ದಾನೆ. ಶತಮಾನಗಳ ನಂತರ, ಕ್ರಿ.ಪೂ. 15ನೆಯ ಶತಮಾನದಲ್ಲಿ, ರಾಣಿ ಹಟ್ಶೆಪ್ಸುಟ್ ದೇರ್ ಎಲ್-ಬಹ್ರಿಯ ತನ್ನ ದೇವಾಲಯದಲ್ಲಿ ಇದೇ ಭಂಗಿಯ ಬೃಹತ್ ಪ್ರತಿಮೆಗಳನ್ನು ಸ್ಥಾಪಿಸಿದಳು. ಈಜಿಪ್ಟಿನ ಕಲೆಯಲ್ಲಿ ಅರಸನು ಮಂಡಿಯೂರುವುದು ದೇವರ ಮುಂದೆ ಮಾತ್ರ.

ಈ ಪ್ರತಿಮೆಗಳನ್ನು ಅವರು ಕೇವಲ ಅಲಂಕಾರವೆಂದು ಎಣಿಸಲಿಲ್ಲ. ಶಿಲ್ಪಿಗೆ ಅವರ ಭಾಷೆಯಲ್ಲಿದ್ದ ಒಂದು ಹೆಸರಿನ ಅರ್ಥ 'ಜೀವ ನೀಡುವವನು'. 'ಬಾಯಿ ತೆರೆಯುವ' ವಿಧಿಯ ನಂತರ ಪ್ರತಿಮೆಯು ಅರಸನ ಸಾನ್ನಿಧ್ಯವಾಗಿ ದೇವರ ಮುಂದೆ ನಿರಂತರ ಅರ್ಪಣೆ ಸಲ್ಲಿಸುತ್ತದೆಂದು ಅವರು ನಂಬಿದ್ದರು. ತತ್ತ್ವತಃ ಬಲಿಯರ್ಪಿಸುವ ಅಧಿಕಾರ ಅರಸನೊಬ್ಬನದೇ. ಯಾಜಕರು ಅವನ ಪ್ರತಿನಿಧಿಗಳು. ಗರ್ಭಗುಡಿಯೊಳಗೆ ಸಾಮಾನ್ಯ ಜನರಿಗೆ ಪ್ರವೇಶವಿರಲಿಲ್ಲ.

ಅರಸನಿಗೆ ಈ ಸ್ಥಾನವಿದ್ದುದು ಅವನು ದೇವರ ಪ್ರತಿರೂಪವೆಂಬ ನಂಬಿಕೆಯಿಂದ. ಟುಟಾಂಖಾಮುನ್ ಎಂಬ ಹೆಸರಿನ ಅರ್ಥವೇ 'ಅಮುನನ ಜೀವಂತ ಪ್ರತಿರೂಪ'. ಆದಿಕಾಂಡವಾದರೋ ಈ ಗೌರವವನ್ನು ಒಬ್ಬ ಅರಸನಿಗೆ ಮೀಸಲಿಡುವುದಿಲ್ಲ. ಪುರುಷರೂ ಸ್ತ್ರೀಯರೂ ದೇವರ ಸ್ವರೂಪದಲ್ಲಿ ಸೃಷ್ಟಿಯಾದವರೆಂದು ಸಾರುತ್ತದೆ. ಅಲ್ಲಿ ಬಳಕೆಯಾಗಿರುವ 'ತ್ಸೆಲೆಮ್' ಎಂಬ ಹೀಬ್ರೂ ಪದವು ಕಡೆದ ವಿಗ್ರಹಕ್ಕೂ ಸಲ್ಲುತ್ತದೆ. ಕೆತ್ತಿದ ವಿಗ್ರಹಗಳನ್ನು ನಿಷೇಧಿಸಿದ ದೇವರು ತಮ್ಮ ಪ್ರತಿರೂಪವನ್ನು ಜೀವಂತ ಮಾನವರಲ್ಲಿ ಇರಿಸಿದ್ದಾರೆ. ಹಾಗಿರುವಾಗ ಇಟ್ಟಿಗೆ ಹೊರುತ್ತಿದ್ದ ಇಸ್ರಯೇಲಿನ ಗುಲಾಮನು ಫರೋಹನಿಗಿಂತ ಕಡಿಮೆಯವನಲ್ಲ.

ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ನಮ್ಮನ್ನು ಇನ್ನೂ ಮುಂದಕ್ಕೆ ಕರೆದೊಯ್ಯುತ್ತದೆ. ಫರೋಹನು ದೇವರ ಮುಂದೆ ಮಂಡಿಯೂರಿದನೇ ಹೊರತು ಮನುಷ್ಯರ ಮುಂದೆ ಅಲ್ಲ. ದೇವಸ್ವರೂಪಿಯಾದ ಕ್ರಿಸ್ತಯೇಸುವಾದರೋ ದಾಸನ ರೂಪ ಧರಿಸಿದರು. ಕಡೆಯ ಭೋಜನದಂದು ಶಿಷ್ಯರ ಪಾದಗಳನ್ನು ತೊಳೆದರು.

ಯಾಜಕರಾದ ನಾವೂ, ಯಾಜಕರಾಗಲಿರುವ ನಮ್ಮ ವಿದ್ಯಾರ್ಥಿಗಳೂ ಇದನ್ನು ಮರೆಯುವಂತಿಲ್ಲ. ಜನರನ್ನು ಹೊರಗೆ ನಿಲ್ಲಿಸಿ ನಾವೊಬ್ಬರೇ ದೇವರನ್ನು ಸಮೀಪಿಸುತ್ತೇವೆಂದು ಭಾವಿಸಿದರೆ, ಕ್ರಿಸ್ತರ ಬಲಿಪೀಠದ ಬಳಿ ನಿಂತೇ ಫರೋಹನ ಗರ್ಭಗುಡಿಗೆ ಮರಳಿದಂತಾಗುತ್ತದೆ. ಪೀಠದ ಮುಂದೆ ಬಾಗುವ ಮೊಣಕಾಲು ಬಡವರ ಪಾದಗಳ ಬಳಿಯೂ ಬಾಗಲಿ.