ಹಾಗ್ವರ್ಟ್ಸ್ ಶಾಲೆಯ ತಪಾಸಣೆ

ಕಥೆಗಳಲ್ಲಿ ಬರುವ ಶಾಲೆಗಳಿಗೆ ಒಂದು ಸೌಲಭ್ಯವುಂಟು. ಅವನ್ನು ತಪಾಸಣೆ ಮಾಡಲು ಯಾರೂ ಹೋಗುವುದಿಲ್ಲ. ಅಲ್ಲಿ ಗಂಟೆ ಕಥೆಗಾರನ ಇಚ್ಛೆಯಂತೆ ಹೊಡೆಯುತ್ತದೆ, ಹಾಜರಿ ಪುಸ್ತಕವನ್ನು ಯಾರೂ ಕೇಳುವುದಿಲ್ಲ, ಮಕ್ಕಳು ಕಲಿತರೋ ಇಲ್ಲವೋ ಎಂಬ ಪ್ರಶ್ನೆ ಕಥೆಯ ಓಟದಲ್ಲಿ ಮರೆತುಹೋಗುತ್ತದೆ. ಆದರೆ ಕರಿಹಲಗೆಯ ಮುಂದೆ ಕೆಲವು ವರ್ಷ ನಿಂತವನಿಗೆ ಅಂಥ ಪುಸ್ತಕವನ್ನು ಓದುವಾಗಲೂ ಆ ಪ್ರಶ್ನೆ ಬಿಡುವುದಿಲ್ಲ. ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಾದಂಬರಿಗಳನ್ನು ಎರಡನೆಯ ಸಲ ಓದುವಾಗ ನನ್ನ ಗಮನವನ್ನು ಸೆಳೆದದ್ದು ಅಲ್ಲಿನ ಕಾಳಗಗಳಿಗಿಂತ ಹೆಚ್ಚಾಗಿ ಅಲ್ಲಿನ ಪಾಠಗಳು. 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬೆಳೆದ ಈ ಕಥೆಯ ಬಹುಭಾಗ ನಡೆಯುವುದು ಒಂದು ವಸತಿ ಶಾಲೆಯಲ್ಲಿ. ಹನ್ನೊಂದು ವರ್ಷದ ಮಕ್ಕಳು ಮಾಟವಿದ್ಯೆ ಕಲಿಯಲು ಅಲ್ಲಿಗೆ ಬರುತ್ತಾರೆ. ಆ ಶಾಲೆಯನ್ನು ನಿಜವಾದ ಶಾಲೆಗಳ ಒರೆಗಲ್ಲಿಗೆ ಹಚ್ಚಿದರೆ ಬಣ್ಣ ಹೇಗೆ ಕಂಡೀತು?

ಇದು ಅರಸಿಕನ ಪ್ರಶ್ನೆ ಎಂದು ಸಹೃದಯರು ಆಕ್ಷೇಪಿಸಬಹುದು. ಪುಷ್ಪಕ ವಿಮಾನದ ಪಯಣಿಗರಿಂದ ಯಾರಾದರೂ ಟಿಕೆಟ್ಟು ಕೇಳುವರೇ? ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ನನ್ನ ಕಡೆಗೂ ಎರಡು ಕಾರಣಗಳಿವೆ. ಮೊದಲನೆಯದು, ಈ ಕಥೆಯನ್ನು ಬರೆದವರು ಸ್ವತಃ ಉಪಾಧ್ಯಾಯಿನಿ. ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ ಇಂಗ್ಲಿಷ್ ಕಲಿಸಿ, ಬಳಿಕ ಎಡಿನ್‌ಬರೊದ ಮೊರೆ ಹೌಸ್ ಸಂಸ್ಥೆಯಲ್ಲಿ ಶಿಕ್ಷಕ ತರಬೇತಿ ಪಡೆದು, ಅದು ಮುಗಿದ ಮರುವರ್ಷ ಮೊದಲ ಸಂಪುಟವನ್ನು ಪ್ರಕಟಿಸಿದವರು. ಎರಡನೆಯದು ಇನ್ನೂ ಬಲವಾದದ್ದು. 2003ರಲ್ಲಿ ಬಂದ ಐದನೆಯ ಸಂಪುಟದಲ್ಲಿ ಸರ್ಕಾರವೇ ಈ ಶಾಲೆಗೆ ತನಿಖಾಧಿಕಾರಿಯನ್ನು ಕಳುಹಿಸುತ್ತದೆ. ತಪಾಸಣೆಯನ್ನು ನಾನು ಹೊರಗಿನಿಂದ ತಂದು ಹೇರಬೇಕಾಗಿಲ್ಲ. ಅದು ಕಥೆಯ ಒಳಗೇ ಇದೆ.

ಮೊದಲು ಅಳತೆಗೋಲಿನ ವಿಚಾರ. ಹಾಗ್ವರ್ಟ್ಸ್ ಇರುವುದು ಸ್ಕಾಟ್ಲೆಂಡಿನ ಬೆಟ್ಟಗಾಡಿನಲ್ಲಿ. ಅಲ್ಲಿನ ವಿದ್ಯಾಭ್ಯಾಸ ವ್ಯವಸ್ಥೆ ಇಂಗ್ಲೆಂಡಿನದಕ್ಕಿಂತ ಬೇರೆ. ಸ್ಕಾಟ್ಲೆಂಡಿನ ತಪಾಸಣೆಗೆ ಆಧಾರವಾದ ಕೈಪಿಡಿಯ ಹೆಸರೇ ಒಂದು ಪ್ರಶ್ನೆ: ‘ನಮ್ಮ ಶಾಲೆ ಎಷ್ಟು ಚೆನ್ನಾಗಿದೆ?’ ಅದರ ನಾಲ್ಕನೆಯ ಆವೃತ್ತಿ 2015ರಲ್ಲಿ ಬಂತು. ಅಧಿಕಾರಿ ಬಂದು ಕೇಳುವ ಮುನ್ನ ಶಾಲೆಯೇ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಇಂಗ್ಲೆಂಡಿನಲ್ಲಿ 2012ರ ಸೆಪ್ಟೆಂಬರಿನಿಂದ ‘ಶಿಕ್ಷಕರ ಮಾನದಂಡಗಳು’ ಜಾರಿಯಲ್ಲಿವೆ. ಬೋಧನೆಯನ್ನು ಕುರಿತ ಅದರ ಅಂಶಗಳು ಎಂಟು: ಮಕ್ಕಳಿಂದ ಉನ್ನತವಾದುದನ್ನು ನಿರೀಕ್ಷಿಸುವುದು, ಅವರ ಪ್ರಗತಿ, ವಿಷಯಜ್ಞಾನ, ಪಾಠದ ಸಿದ್ಧತೆ, ಎಲ್ಲ ಬಗೆಯ ಮಕ್ಕಳಿಗೂ ಪಾಠವನ್ನು ಹೊಂದಿಸುವುದು, ಸರಿಯಾದ ಮೌಲ್ಯಮಾಪನ, ತರಗತಿಯ ಶಿಸ್ತು, ವೃತ್ತಿಯ ಇತರ ಹೊಣೆಗಳು. ಮೊದಲನೆಯ ಅಂಶದ ಅಡಿಯಲ್ಲಿಯೇ ಪರಸ್ಪರ ಗೌರವದಲ್ಲಿ ನೆಲೆಗೊಂಡ ಸುರಕ್ಷಿತ ವಾತಾವರಣವಿರಬೇಕೆಂಬ ಮಾತು ಇದೆ. ಸ್ಕಾಟ್ಲೆಂಡಿನ ಶಾಲೆಗೆ ಇಂಗ್ಲೆಂಡಿನ ಗಜಕಡ್ಡಿ ಹಿಡಿದದ್ದಕ್ಕೆ ಅಲ್ಲಿನವರು ಕೋಪಿಸಿಕೊಳ್ಳಬಾರದು. ಬೋಧನೆಯ ಪಟ್ಟಿ ಇದರಲ್ಲಿ ಅಚ್ಚುಕಟ್ಟಾಗಿದೆ.

ಮಕ್ಕಳ ರಕ್ಷಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಶಾಲೆ ಮೊದಲ ದಿನವೇ ಅನುತ್ತೀರ್ಣ. ಮೊದಲನೆಯ ವರ್ಷದ ಮಕ್ಕಳನ್ನು ಶಿಕ್ಷೆಯ ನೆಪದಲ್ಲಿ ಅಪಾಯದ ಕಾಡಿಗೆ ರಾತ್ರಿ ಕಳುಹಿಸುತ್ತಾರೆ. ನೆಲಮಾಳಿಗೆಯ ಅಡಿಯಲ್ಲಿ ನೋಟದಿಂದಲೇ ಕೊಲ್ಲುವ ಸರ್ಪ ವಾಸವಾಗಿದೆ. ದುಷ್ಟಶಕ್ತಿಗಳಿಂದ ರಕ್ಷಣೆಯನ್ನು ಕಲಿಸುವ ಹುದ್ದೆಗೆ ಏಳು ವರ್ಷಗಳಲ್ಲಿ ಏಳು ಜನ ಬಂದುಹೋಗುತ್ತಾರೆ. ಅವರಲ್ಲೊಬ್ಬ ಬೇರೆಯವರ ರೂಪ ಧರಿಸಿದ ಅಪರಾಧಿ, ಇಡೀ ವರ್ಷ ಸಿಕ್ಕಿಬೀಳದೆ ಪಾಠ ಮಾಡುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಪಠ್ಯಕ್ರಮವೂ ಬಡವೇ. ಸಾಹಿತ್ಯವಿಲ್ಲ, ಪರಭಾಷೆಯ ತರಗತಿಯಿಲ್ಲ. ಹನ್ನೊಂದರ ವಯಸ್ಸಿನ ಮೇಲೆ ಸಾಮಾನ್ಯ ಗಣಿತವನ್ನು ಯಾರೂ ಕಲಿಸಿದಂತೆ ಕಾಣುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ವಿನೋದವಾಗುತ್ತಿತ್ತು. ಶಾಲೆಯ ನಿಜವಾದ ಸ್ವರೂಪ ತಿಳಿಯುವುದು ತರಗತಿಯ ಬಾಗಿಲು ಮುಚ್ಚಿದ ಮೇಲೆ. ಅಲ್ಲಿ ಲೇಖಕಿಯ ಕಣ್ಣು ಬಹು ಸೂಕ್ಷ್ಮ. ಚರಿತ್ರೆಯ ಅಧ್ಯಾಪಕ ಬಿನ್ಸ್ ಎಂಬಾತ ಒಂದು ಪ್ರೇತ. ಉಪಾಧ್ಯಾಯರ ಕೊಠಡಿಯಲ್ಲಿ ಬೆಂಕಿಯ ಮುಂದೆ ನಿದ್ರಿಸಿದವನು ನಿದ್ರೆಯಲ್ಲಿಯೇ ತೀರಿಕೊಂಡ. ಮರುದಿನ ದೇಹವನ್ನು ಅಲ್ಲಿಯೇ ಬಿಟ್ಟು ಪಾಠಕ್ಕೆ ಹೋದ. ಇಂಥ ಅಧ್ಯಾಪಕರನ್ನು ಕಾಣಲು ಮಾಯಾಲೋಕಕ್ಕೇ ಹೋಗಬೇಕಾಗಿಲ್ಲ ಎಂದು ಓದುಗರು ನಕ್ಕರೆ ಅದು ಅವರ ಅನುಭವಕ್ಕೆ ಬಿಟ್ಟದ್ದು. ಆದರೆ ಎರಡನೆಯ ಸಂಪುಟದಲ್ಲಿ ಹರ್ಮಾಯಿನಿ ಎಂಬ ಹುಡುಗಿ ಒಂದು ದಿನ ಕೈಯೆತ್ತಿ ಪ್ರಶ್ನೆ ಕೇಳುತ್ತಾಳೆ. ಬಿನ್ಸ್ ಬೆರಗಾಗುತ್ತಾನೆ. ಅದುವರೆಗೆ ಯಾರೂ ಹಾಗೆ ಕೇಳಿದ್ದಿಲ್ಲ. ಒಲ್ಲದ ಮನಸ್ಸಿನಿಂದಲೇ ಉತ್ತರ ಹೇಳತೊಡಗಿದಾಗ ಇಡೀ ತರಗತಿ ಎಚ್ಚೆತ್ತು ಕೇಳುತ್ತದೆ. ಒಂದು ಪ್ರಶ್ನೆ ಸತ್ತ ಪಾಠಕ್ಕೂ ಸ್ವಲ್ಪ ಹೊತ್ತು ಜೀವ ಕೊಟ್ಟಿತು.

ಹ್ಯಾಗ್ರಿಡ್ ಇದಕ್ಕೆ ವಿರುದ್ಧ. ಪ್ರಾಣಿಗಳ ಮೇಲೆ ಅವನಿಗೆ ಅಪಾರ ಪ್ರೀತಿ. ಪಾಠದ ಸಿದ್ಧತೆ ಮಾತ್ರ ಇಲ್ಲ. ಹದ್ದಿನ ತಲೆಯ, ಕುದುರೆಯ ಮೈಯ ಭಾರಿ ಮೃಗವನ್ನು ಮೊದಲ ಪಾಠಕ್ಕೇ ತಂದು ನಿಲ್ಲಿಸುತ್ತಾನೆ. ಎಚ್ಚರಿಕೆಯನ್ನು ಕೇಳದ ಒಬ್ಬ ಹುಡುಗನಿಗೆ ಗಾಯವಾಗುತ್ತದೆ. ಪ್ರತಿಷ್ಠಿತ ತಂದೆಯಿಂದ ದೂರು ಹೋಗುತ್ತದೆ. ಅನಂತರ ಹ್ಯಾಗ್ರಿಡ್ ಧೈರ್ಯಗುಂದಿ, ವಾರಗಟ್ಟಲೆ ಹುಳುಗಳಿಗೆ ಸೊಪ್ಪು ತಿನ್ನಿಸುವ ಪಾಠವನ್ನೇ ಮಾಡಿಸುತ್ತಾನೆ. ಅಪಾಯವೇನೋ ತಪ್ಪಿತು, ಆದರೆ ಪಾಠವೂ ತಪ್ಪಿತು. ಹೆದರಿದ ಉಪಾಧ್ಯಾಯ ಏನು ಮಾಡುತ್ತಾನೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ನನಗೆ ತಿಳಿಯದು.

ಇನ್ನು ನೆವಿಲ್ ಲಾಂಗ್‌ಬಾಟಮ್. ಮರೆವಿನ, ಅಂಜುಬುರುಕ ಹುಡುಗ. ಅಜ್ಜಿಯ ಆಶ್ರಯದಲ್ಲಿ ಬೆಳೆದವನು. ಪ್ರತಿ ತರಗತಿಯಲ್ಲಿಯೂ ಇಂಥವನೊಬ್ಬನಿರುತ್ತಾನೆ. ಮೂರನೆಯ ಸಂಪುಟದಲ್ಲಿ ಒಂದೇ ದಿನ ಅವನು ಇಬ್ಬರು ಗುರುಗಳ ಕೈಗೆ ಸಿಕ್ಕುತ್ತಾನೆ. ಬೆಳಿಗ್ಗೆ ರಸೌಷಧಗಳನ್ನು ಕಲಿಸುವ ಸ್ನೇಪ್. ಈತನ ವಿಷಯಜ್ಞಾನ ಪ್ರಶ್ನಾತೀತ. ನೆವಿಲ್ ಕಾಸಿದ ಔಷಧವನ್ನು ಅವನು ಸಾಕಿದ ಕಪ್ಪೆಗೇ ಕುಡಿಸುವೆನೆಂದು ಸ್ನೇಪ್ ಬೆದರಿಸುತ್ತಾನೆ. ತಪ್ಪಾಗಿದ್ದರೆ ಕಪ್ಪೆ ಸತ್ತೀತು. ಹರ್ಮಾಯಿನಿ ಮೆಲ್ಲನೆ ಪಿಸುಗುಟ್ಟಿ ತಪ್ಪನ್ನು ತಿದ್ದಿಸುತ್ತಾಳೆ. ಔಷಧ ಸರಿಯಾಗುತ್ತದೆ, ಕಪ್ಪೆ ಉಳಿಯುತ್ತದೆ. ಸ್ನೇಪ್ ಅವಳ ಸಹಾಯಕ್ಕಾಗಿ ಅಂಕ ಕಳೆಯುತ್ತಾನೆ. ಎಂಟು ಮಾನದಂಡಗಳಲ್ಲಿ ಎಷ್ಟು ಆ ಒಂದು ಗಂಟೆಯಲ್ಲಿ ಮುರಿದುಬಿದ್ದವೆಂಬುದನ್ನು ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು.

ಅದೇ ಮಧ್ಯಾಹ್ನ ಲ್ಯೂಪಿನ್ ಅವರ ಪಾಠ. ಈ ಹುಡುಗನಿಗೆ ಕಷ್ಟದ ಕೆಲಸ ಕೊಡಬೇಡಿ ಎಂದು ಸ್ನೇಪ್ ಎಲ್ಲರ ಮುಂದೆ ಚುಚ್ಚಿ ಹೋಗುತ್ತಾನೆ. ಲ್ಯೂಪಿನ್ ಶಾಂತವಾಗಿ, ಮೊದಲ ಸಹಾಯ ತಾನು ನೆವಿಲ್‌ನಿಂದಲೇ ಪಡೆಯುವುದಾಗಿ ಹೇಳುತ್ತಾರೆ. ಎದುರಿಗೆ ನಿಂತವನ ಅತಿ ದೊಡ್ಡ ಭಯದ ರೂಪವನ್ನು ತಾಳುವ ಜೀವಿಯೊಂದನ್ನು ಹಾಸ್ಯದಿಂದ ಗೆಲ್ಲುವುದು ಅಂದಿನ ಪಾಠ. ನಿನಗೆ ಎಲ್ಲಕ್ಕಿಂತ ಹೆಚ್ಚು ಭಯ ಯಾವುದರದು ಎಂದು ಕೇಳಿದರೆ ನೆವಿಲ್ ಹೇಳುವುದು ಸ್ನೇಪ್‌ನ ಹೆಸರನ್ನು. ರಾಕ್ಷಸರೂ ಪಿಶಾಚಿಗಳೂ ತುಂಬಿದ ಜಗತ್ತಿನಲ್ಲಿ ಹದಿಮೂರು ವರ್ಷದ ಹುಡುಗನಿಗೆ ಅತ್ಯಂತ ಭಯಂಕರನಾಗಿ ಕಂಡವನು ತನ್ನ ಉಪಾಧ್ಯಾಯ! ತರಗತಿ ನಗುತ್ತದೆ. ಲ್ಯೂಪಿನ್ ಆ ನಗೆಯನ್ನು ಹುಡುಗನ ವಿರುದ್ಧ ತಿರುಗಲು ಬಿಡದೆ ಅದನ್ನೇ ಪಾಠದ ಆಯುಧವಾಗಿ ಮಾಡಿಕೊಡುತ್ತಾರೆ. ಸ್ನೇಪ್‌ಗೆ ಅಜ್ಜಿಯ ಉಡುಪನ್ನು ತೊಡಿಸಿ ಕಲ್ಪಿಸಿಕೋ ಎನ್ನುತ್ತಾರೆ. ನೆವಿಲ್ ಗೆಲ್ಲುತ್ತಾನೆ. ಬೋಧನೆಯ ಎಲ್ಲ ಮಾನದಂಡಗಳೂ ಇಲ್ಲಿ ತಾವಾಗಿಯೇ ಕೂಡಿಬಂದಿವೆ. ಇಂಥ ಗುರು ವರ್ಷದ ಕೊನೆಗೆ ಶಾಲೆಯನ್ನು ಬಿಡಬೇಕಾಗುತ್ತದೆ, ಕಾರಣ ಅವರಿಗಿರುವ ಒಂದು ರೋಗ. ಹುಣ್ಣಿಮೆಯ ರಾತ್ರಿ ಅವರು ತೋಳವಾಗುತ್ತಾರೆ. ಅದು ಹೊರಬಿದ್ದ ಮೇಲೆ ಪೋಷಕರು ಒಪ್ಪಲಾರರೆಂದು ತಾವೇ ರಾಜೀನಾಮೆ ಕೊಡುತ್ತಾರೆ.

ಈಗ ಕಥೆಯೊಳಗಿನ ತನಿಖಾಧಿಕಾರಿಯನ್ನು ನೋಡೋಣ. ಅಂಬ್ರಿಜ್ ಎಂಬ ಈ ಮಹಿಳೆ ಸರ್ಕಾರದ ಆಜ್ಞೆ ಹಿಡಿದು, ಬರೆಯುವ ಹಲಗೆಯನ್ನು ಕೈಯಲ್ಲಿಟ್ಟುಕೊಂಡು, ಪ್ರತಿ ತರಗತಿಯಲ್ಲಿ ಕೂರುತ್ತಾಳೆ. ತನ್ನ ಸ್ವಂತ ಪಾಠದಲ್ಲಿ ಮಕ್ಕಳಿಗೆ ಮಂತ್ರದಂಡ ಮುಟ್ಟಲು ಬಿಡದೆ ಪುಸ್ತಕ ಓದಿಸುವವಳು. ಎದುರು ಮಾತಾಡಿದವನಿಗೆ ಅವನ ಚರ್ಮವನ್ನೇ ಕೊರೆದು ಅವನ ರಕ್ತದಿಂದ ಬರೆಯುವ ಲೇಖನಿಯನ್ನು ಕೊಡುವವಳು. ಸ್ಕಾಟ್ಲೆಂಡಿನ ಓದುಗರಿಗೆ ಈ ಪ್ರಸಂಗ ಕೇವಲ ಕಲ್ಪನೆಯಾಗಿ ತೋರಲಾರದು. ಅಲ್ಲಿನ ಶಾಲೆಗಳಲ್ಲಿ ಚರ್ಮದ ಪಟ್ಟಿಯಿಂದ ಅಂಗೈಗೆ ಹೊಡೆಯುವ ಪದ್ಧತಿಯಿತ್ತು. ಅದನ್ನು ವಿರೋಧಿಸಿದ ಇಬ್ಬರು ತಾಯಂದಿರ ಅಹವಾಲು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವನ್ನು ಮುಟ್ಟಿ, 1982ರಲ್ಲಿ ಅವರ ಪರವಾಗಿ ತೀರ್ಪು ಬಂತು. ಬ್ರಿಟನ್ನಿನ ಸರ್ಕಾರಿ ಶಾಲೆಗಳಲ್ಲಿ 1987ರಲ್ಲಿ ಹೊಡೆತ ನಿಂತಿತು.

ಅಂಬ್ರಿಜ್‌ಳ ತಪಾಸಣೆಯಲ್ಲಿ ಹ್ಯಾಗ್ರಿಡ್‌ಗೆ ತೀವ್ರ ಟೀಕೆ. ಭವಿಷ್ಯ ಹೇಳುವ ವಿದ್ಯೆಯ ಅಧ್ಯಾಪಿಕೆಗೆ ಒಂದು ಭವಿಷ್ಯ ನುಡಿಯಲು ಸ್ಥಳದಲ್ಲಿಯೇ ಅಪ್ಪಣೆಯಾಗುತ್ತದೆ. ಆಕೆ ತಡವರಿಸುತ್ತಾಳೆ, ಕೊನೆಗೆ ಹುದ್ದೆ ಕಳೆದುಕೊಳ್ಳುತ್ತಾಳೆ. ಸ್ನೇಪ್‌ನ ತರಗತಿಯ ವಿಷಯದಲ್ಲಿ ಮಾತ್ರ, ಮಕ್ಕಳು ತಮ್ಮ ವರ್ಷಕ್ಕೆ ಮೀರಿಯೇ ಮುಂದುವರಿದಿದ್ದಾರೆ ಎಂದು ಅವಳು ಒಪ್ಪಿಕೊಳ್ಳುತ್ತಾಳೆ. ಈ ಒಂದು ಮಾತು ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿತು. ಅದು ಸುಳ್ಳಲ್ಲ. ಪಠ್ಯಭಾಗದ ಲೆಕ್ಕದಲ್ಲಿ ಆ ತರಗತಿ ನಿಜವಾಗಿಯೂ ಮುಂದಿದೆ. ಹುಡುಗನೊಬ್ಬ ಐದು ವರ್ಷ ನಡುಗುತ್ತ ಕುಳಿತಿರುವುದು ಆ ಬರೆಯುವ ಹಲಗೆಯ ಮೇಲೆ ಎಲ್ಲಿಯೂ ಮೂಡುವುದಿಲ್ಲ. ಅಂಬ್ರಿಜ್ ಮಕ್ಕಳನ್ನೂ ಕೇಳುತ್ತಾಳೆ, ಆದರೆ ಹ್ಯಾಗ್ರಿಡ್‌ನನ್ನು ಅಣಕಿಸುವ ಮಕ್ಕಳ ಉತ್ತರವೇ ಅವಳಿಗೆ ರುಚಿ.

ಹಾಗೆಂದು ತಪಾಸಣೆಯೇ ಕೂಡದೆಂದು ವಾದಿಸುವುದು ಸುಲಭ, ಆದರೆ ತಪ್ಪು. ಯಾರೂ ನೋಡದಿದ್ದರೆ ಬಿನ್ಸ್ ಇನ್ನೊಂದು ಶತಮಾನ ಪಾಠ ಹೇಳಿಯಾನು, ಸ್ನೇಪ್ ಇನ್ನೂ ಎಷ್ಟೋ ನೆವಿಲ್‌ಗಳನ್ನು ಹೆದರಿಸಿಯಾನು. ಏನನ್ನು ನೋಡಬೇಕು, ನೋಡಿದ್ದನ್ನು ಹೇಗೆ ಹೇಳಬೇಕು ಎಂಬುದೇ ಪ್ರಶ್ನೆ. ಇಂಗ್ಲೆಂಡು ಇದಕ್ಕೆ ಉತ್ತರ ಹುಡುಕುವ ದಾರಿಯಲ್ಲಿ ದುಬಾರಿ ಬೆಲೆ ತೆತ್ತಿದೆ. 1992ರಲ್ಲಿ ಸ್ಥಾಪಿತವಾದ ಅಲ್ಲಿನ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಬಹುಕಾಲ ಇಡೀ ಶಾಲೆಯ ಯೋಗ್ಯತೆಯನ್ನು ‘ಅತ್ಯುತ್ತಮ’ದಿಂದ ‘ಅಸಮರ್ಪಕ’ದವರೆಗಿನ ಒಂದು ಪದದಲ್ಲಿ ಹೇಳುತ್ತಿತ್ತು. 2023ರ ಜನವರಿಯಲ್ಲಿ ಅಂಥ ತಪಾಸಣೆಯ ಬಳಿಕ ಒಬ್ಬ ಮುಖ್ಯೋಪಾಧ್ಯಾಯಿನಿ ಪ್ರಾಣ ಕಳೆದುಕೊಂಡರು. ಆ ಸಾವಿಗೆ ತಪಾಸಣೆಯೂ ಕಾರಣವಾಯಿತೆಂದು ಅದೇ ಡಿಸೆಂಬರಿನಲ್ಲಿ ಮರಣವಿಚಾರಣಾಧಿಕಾರಿ ನಿರ್ಣಯಿಸಿದರು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರಿ ಶಾಲೆಗಳಿಗೆ ಒಂದು ಪದದ ತೀರ್ಪನ್ನು ಕೈಬಿಟ್ಟರು. 2025ರ ನವೆಂಬರಿನಿಂದ ಹಲವು ಅಂಶಗಳನ್ನು ಬೇರೆ ಬೇರೆಯಾಗಿ ತೂಗುವ ವರದಿಪತ್ರ ಬಂದಿದೆ. ಹಾಗ್ವರ್ಟ್ಸ್ ಶಾಲೆಗೆ ಒಂದು ಪದ ಕೊಡಬೇಕಾದರೆ ಯಾವುದನ್ನು ಕೊಡುವುದು? ‘ಅಸಮರ್ಪಕ’ ಎಂದರೆ ಲ್ಯೂಪಿನ್ ಮರೆಯಾಗುತ್ತಾರೆ. ‘ಉತ್ತಮ’ ಎಂದರೆ ನೆವಿಲ್ ಮರೆಯಾಗುತ್ತಾನೆ.

ನೆವಿಲ್‌ನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಅಂಬ್ರಿಜ್‌ಳ ಪುಸ್ತಕಪಾಠದಿಂದ ಬೇಸತ್ತ ಮಕ್ಕಳು ಒಂದು ಗುಪ್ತ ಕೋಣೆಯಲ್ಲಿ ಸೇರಿ ತಾವೇ ಕಲಿಯತೊಡಗುತ್ತಾರೆ, ಹ್ಯಾರಿ ಕಲಿಸುತ್ತಾನೆ. ಅತಿ ಸರಳವಾದ ಮಂತ್ರದಿಂದ ಆರಂಭ, ಇಬ್ಬಿಬ್ಬರಾಗಿ ಅಭ್ಯಾಸ, ಅವನು ನಡುವೆ ಓಡಾಡುತ್ತ ಒಬ್ಬೊಬ್ಬರ ತಪ್ಪನ್ನೂ ತಿದ್ದುತ್ತಾನೆ. ಅಲ್ಲಿ ಎಲ್ಲರಿಗಿಂತ ಬೇಗ ಮುಂದುವರಿಯುವವರಲ್ಲಿ ನೆವಿಲ್ ಒಬ್ಬ. ಅದೇ ವರ್ಷದ ಕೊನೆಗೆ ಸಾರ್ವಜನಿಕ ಪರೀಕ್ಷೆ ಬರುತ್ತದೆ. ಇಂಗ್ಲೆಂಡಿನಲ್ಲಿ 1951ರಿಂದ 1987ರವರೆಗೆ ನಡೆದ ಸಾಮಾನ್ಯ ದರ್ಜೆಯ ಪರೀಕ್ಷೆಯ ನೆರಳು ಅದರ ಮೇಲೆ ಸ್ಪಷ್ಟವಾಗಿದೆ. ಹೊರಗಿನ ಪರೀಕ್ಷಕರು ಬಂದಿದ್ದಾರೆ. ರಸೌಷಧದ ಪ್ರಾಯೋಗಿಕ ಪರೀಕ್ಷೆಯ ದಿನ ಸ್ನೇಪ್ ಆ ಕೊಠಡಿಯಲ್ಲಿಲ್ಲ. ಹ್ಯಾರಿ ಪಕ್ಕಕ್ಕೆ ನೋಡಿದರೆ, ಆ ವಿಷಯದ ತರಗತಿಯಲ್ಲಿ ಎಂದೂ ಕಾಣದಷ್ಟು ಸಂತೋಷದಿಂದ ನೆವಿಲ್ ಕೆಲಸ ಮಾಡುತ್ತಿದ್ದಾನೆ.

ಲೇಖಕಿ ಇದನ್ನು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಾನು ತನಿಖಾಧಿಕಾರಿಯಾಗಿದ್ದರೆ ನನ್ನ ವರದಿಯನ್ನು ಅಲ್ಲಿಂದ ಆರಂಭಿಸುತ್ತಿದ್ದೆ. ಸ್ನೇಪ್‌ನ ಪಾಠವನ್ನು ಅಳೆಯಲು ಬೇಕಾದ ಸಾಕ್ಷ್ಯ ಆ ಪರೀಕ್ಷೆಯ ಕೊಠಡಿಯಲ್ಲಿತ್ತು: ಗುರು ಇಲ್ಲದ ಕಡೆ ಶಿಷ್ಯನ ಕೈ ನಡುಗಲಿಲ್ಲ. ಯಾವ ಶಾಲೆಗೆ ಹೋದರೂ ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕದಲ್ಲಿ, ತಲೆ ತಗ್ಗಿಸಿ ಕುಳಿತ ಒಂದು ಮಗು ಸಿಕ್ಕೇ ಸಿಕ್ಕುತ್ತದೆ. ಬರೆಯುವ ಹಲಗೆಯನ್ನು ಕೆಳಗಿಟ್ಟು ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳುವ ಅಧಿಕಾರಿಗೆ ಎಂಟು ಮಾನದಂಡಗಳಲ್ಲಿ ಬಹುಪಾಲು ಅಲ್ಲಿಂದಲೇ ಕಂಡಾವು.