ಹುಸ್ಕೂರಿನ ಕುರ್ಜು, ಯಾಪ್ ದ್ವೀಪದ ಕಲ್ಲು

2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾದ ಮೇಲೆ ‘ಹುಸ್ಕೂರು ರಸ್ತೆ’ ಎಂಬ ಹೆಸರು ಬೆಂಗಳೂರಿನ ಬಹಳಷ್ಟು ಮಂದಿಯ ಕಿವಿಗೆ ಬಿದ್ದಿದೆ. ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಬೊಮ್ಮಸಂದ್ರಕ್ಕೆ ಹೋಗುವಾಗ ಸಿಗುವ ನಿಲ್ದಾಣವಿದು. ಆದರೆ ಆ ರಸ್ತೆ ಹಿಡಿದು ಹುಸ್ಕೂರಿನವರೆಗೂ ಹೋದವರು ಟೆಕ್ಕಿಗಳಲ್ಲಿ ಕಡಿಮೆ. ಆನೇಕಲ್ ತಾಲ್ಲೂಕಿನ ಹಳ್ಳಿಯವರಿಗಾದರೋ ಹುಸ್ಕೂರು ಎಂದರೆ ಮದ್ದೂರಮ್ಮ, ಮದ್ದೂರಮ್ಮನ ಜಾತ್ರೆ ಎಂದರೆ ಕುರ್ಜು.

ಯುಗಾದಿಯ ಆಸುಪಾಸಿನಲ್ಲಿ ನಡೆಯುವ ಈ ಜಾತ್ರೆಗೆ ಸುತ್ತಲ ಊರುಗಳು ಕುರ್ಜು ಎಂಬ ಎತ್ತರದ ತೇರನ್ನು ತಾವು ತಾವೇ ಕಟ್ಟಿ, ಕಿಲೋಮೀಟರುಗಟ್ಟಲೆ ಎಳೆದು ತಂದು ಅಮ್ಮನ ಮುಂದೆ ನಿಲ್ಲಿಸುತ್ತವೆ. ರಾಯಸಂದ್ರದ್ದು ಒಂದು, ದೊಡ್ಡನಾಗಮಂಗಲದ್ದು ಒಂದು, ಹೀಲಲಿಗೆಯದು ಒಂದು. ದೇವಸ್ಥಾನದ ಕೊಟ್ಟಿಗೆಯಲ್ಲಿ ವರ್ಷವಿಡೀ ನಿಂತಿರುವ ತೇರಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಕುರ್ಜು ಊರಿನ ಸ್ವತ್ತು, ಊರಿನ ಕೈಕೆಲಸ. ಕೆಳಗೆ ದಪ್ಪ ಚಕ್ರ, ಅದರ ಮೇಲೆ ಮರದ ಚೌಕಟ್ಟು, ಮೇಲೆ ಹೋದಂತೆ ಕಿರಿದಾಗುತ್ತಾ ಸಾಗುವ ಅಂತಸ್ತುಗಳು, ಹೊರಮೈಗೆ ಬಣ್ಣಬಣ್ಣದ ಬಟ್ಟೆ. ಜಾತ್ರೆ ಮುಗಿದರೆ ಅದನ್ನು ಬಿಚ್ಚಿಡಬೇಕು, ಬರುವ ವರ್ಷ ಮತ್ತೆ ಕಟ್ಟಬೇಕು. ಹಾಗಾಗಿ ಕಟ್ಟುವ ವಿದ್ಯೆ ಮರದಲ್ಲಿಲ್ಲ, ಕಟ್ಟುವವರ ಕೈಯಲ್ಲಿದೆ.

ಕುರ್ಜು ಚಲಿಸುವಾಗ ಎಲ್ಲರ ಕಣ್ಣೂ ತುದಿಯ ಮೇಲಿರುತ್ತದೆ. ನೋಡಬೇಕಾದ್ದು ಕೆಳಗೆ ಹಗ್ಗ ಹಿಡಿದವರನ್ನು. ಮೇಲಿನಿಂದ ಸುತ್ತಲೂ ಹಗ್ಗಗಳನ್ನು ಇಳಿಬಿಟ್ಟಿರುತ್ತಾರೆ. ಒಂದೊಂದಕ್ಕೂ ಒಂದು ಗುಂಪು. ಗಾಡಿ ಬಲಕ್ಕೆ ವಾಲಿದರೆ ಎಡದವರು ಬಿಗಿಯಬೇಕು, ಅದೇ ಗಳಿಗೆಗೆ ಬಲದವರು ಸಡಿಲ ಬಿಡಬೇಕು. ಇಬ್ಬರೂ ಒಟ್ಟಿಗೆ ಜಗ್ಗಿದರೆ ಚೌಕಟ್ಟಿಗೇ ಪೆಟ್ಟು. ಯಾರಿಗೂ ಕೂಗಿ ಹೇಳುವಷ್ಟು ಪುರುಸೊತ್ತು ಇರುವುದಿಲ್ಲ. ತಮಟೆ, ಶಿಳ್ಳೆ, ಜನರ ಗದ್ದಲದ ನಡುವೆ ಅಂಗೈಗೆ ತಾಗುವ ಹಗ್ಗದ ಎಳೆತವೇ ಸಂದೇಶ. ನೆಲ ತಗ್ಗಾದ ಕಡೆ ಚಕ್ರಕ್ಕೆ ಮರದ ತುಂಡು ಕೊಟ್ಟು ತಡೆಯುವವರದು ಇನ್ನೊಂದು ಪಡೆ. ಒಂದು ಊರು ಒಂದೇ ಮೈಯಾಗಿ ಕೆಲಸ ಮಾಡುವುದನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬೆಂಗಳೂರಿನ ಸುತ್ತಮುತ್ತ ಬೇರೆಲ್ಲೂ ನನಗೆ ಕಂಡಿಲ್ಲ.

ಈ ಊರುಗಳೇನೂ ಕಂಪನಿಗಳ ಬೆನ್ನಿಗೆ ಹುಟ್ಟಿದವಲ್ಲ. ಪಕ್ಕದ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ‘ಬೆಂಗಳೂರು’ ಎಂಬ ಹೆಸರನ್ನೇ ಹೊತ್ತು ನಿಂತಿದೆ. ರಾಗಿ ಕೊಯ್ದು ಹೊಲ ಖಾಲಿಯಾಗಿರುವ ಕಾಲಕ್ಕೆ ಜಾತ್ರೆ ಬರುವುದರಿಂದ ಹಿಂದೆ ಕುರ್ಜುವಿಗೆ ದಾರಿ ಯಾವುದೆಂದು ಕೇಳಬೇಕಾಗಿರಲಿಲ್ಲ. ಈಗ ಹೊಲವಿದ್ದ ಕಡೆ ಲೇಔಟು, ಕಾಂಪೌಂಡು, ಅಪಾರ್ಟ್‌ಮೆಂಟು. ಕುರ್ಜು ಬರುವಾಗ ಕರೆಂಟ್ ತೆಗೆಸಿ, ತಂತಿ ಬಿಚ್ಚಿಸಿ, ಅದು ದಾಟಿದ ಮೇಲೆ ಮತ್ತೆ ಕಟ್ಟಬೇಕು.

ದಾರಿ ಕಿರಿದಾಯಿತು, ಕುರ್ಜು ಮಾತ್ರ ಬೆಳೆಯುತ್ತಲೇ ಹೋಯಿತು. ನೂರು ಅಡಿ ದಾಟಿತು, ನೂರಿಪ್ಪತ್ತು ದಾಟಿತು. ಎತ್ತುಗಳ ಜೊತೆಗೆ ಟ್ರ್ಯಾಕ್ಟರು, ಜೆಸಿಬಿ ಬಂದವು. 2024ರ ಏಪ್ರಿಲ್ 6ರಂದು ಹೀಲಲಿಗೆಯ ಕುರ್ಜು ವಾಲಿ ಉರುಳಿಬಿತ್ತು. ಜನ ದೂರ ಓಡಿದ್ದರಿಂದ ಪ್ರಾಣ ಉಳಿಯಿತು. ಮರುವರ್ಷ ಮಾರ್ಚ್ 22ರ ಶನಿವಾರ ಮಳೆಗಾಳಿಗೆ ಸಿಕ್ಕಿ ಎರಡು ಕುರ್ಜುಗಳು ನೆಲಕಚ್ಚಿದವು. ಆ ಸಲ ಸಾವಾಯಿತು.

ಅಂದಿನಿಂದ ಎರಡೇ ಮಾತು ಕೇಳಿಬರುತ್ತಿವೆ. ಒಂದು, ಇದನ್ನು ನಿಲ್ಲಿಸಿ. ಇನ್ನೊಂದು, ಸಂಪ್ರದಾಯವನ್ನು ಮುಟ್ಟಬೇಡಿ. ಎರಡರಲ್ಲೂ ನನಗೆ ಒಪ್ಪಿಗೆಯಿಲ್ಲ. ಯಾಕೆಂದು ಹೇಳಲು ಬಹು ದೂರದ ಊರೊಂದರ ಕಥೆ ಬೇಕು.

ಪೆಸಿಫಿಕ್ ಸಾಗರದ ಪಶ್ಚಿಮದಲ್ಲಿ, ಮೈಕ್ರೋನೇಷ್ಯದಲ್ಲಿ, ಯಾಪ್ ಎಂಬ ದ್ವೀಪವಿದೆ. ಅಲ್ಲಿನವರು ಕಲ್ಲಿನ ಬಿಲ್ಲೆಗಳನ್ನು ಸಂಪತ್ತಾಗಿ ಇಟ್ಟುಕೊಂಡವರು. ಅವಕ್ಕೆ ‘ರಾಯ್’ ಎನ್ನುತ್ತಾರೆ. ದೊಡ್ಡವು ಮೂರೂವರೆ ಮೀಟರು ಅಗಲ, ಟನ್ನುಗಟ್ಟಲೆ ಭಾರ, ನಡುವೆ ಮರದ ಕಂಬ ತೂರಿಸಿ ಹೊರಲು ತೂತು. ಯಾಪ್‌ನಲ್ಲಿ ಆ ಜಾತಿಯ ಸುಣ್ಣಕಲ್ಲು ಇಲ್ಲ. ನಾನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಪಲಾವ್ ದ್ವೀಪಗಳಿಗೆ ದೋಣಿಯಲ್ಲಿ ಹೋಗಿ, ಅಲ್ಲೇ ಕಡಿದು, ಕೆತ್ತಿ, ಸಮುದ್ರ ದಾಟಿಸಿ ತರಬೇಕಿತ್ತು. ತಂದ ಮೇಲೆ ಕಲ್ಲು ಇದ್ದಲ್ಲೇ ಇರುತ್ತದೆ. ಮದುವೆಗೋ, ರಾಜಿ ಪಂಚಾಯಿತಿಗೋ ಕೊಟ್ಟಾಗ ಬದಲಾಗುವುದು ಒಡೆತನವಷ್ಟೇ. ಯಾವ ಕಲ್ಲು ಯಾರದೆಂಬ ಲೆಕ್ಕ ಊರಿನ ನೆನಪಿನಲ್ಲಿ. ದಾರಿಯಲ್ಲಿ ಸಮುದ್ರದ ಪಾಲಾದ ಕಲ್ಲಿನ ಮೇಲೂ ಒಂದು ಮನೆತನದ ಹಕ್ಕನ್ನು ಊರು ಒಪ್ಪಿಕೊಂಡಿದ್ದನ್ನು 1910ರಲ್ಲೇ ವಿಲಿಯಂ ಫರ್ನೆಸ್ ಎಂಬ ಅಮೆರಿಕದ ವಿದ್ವಾಂಸ ದಾಖಲಿಸಿದ್ದಾನೆ.

1871ರಲ್ಲಿ ಡೇವಿಡ್ ಓಕೀಫ್ ಎಂಬ ಐರಿಷ್ ಮೂಲದ ಕಪ್ತಾನ ಯಾಪ್‌ಗೆ ಬಂದ. ಕೊಬ್ಬರಿ ವ್ಯಾಪಾರ ಅವನ ಉದ್ದೇಶ. ಕೊಬ್ಬರಿಗೆ ಬದಲಾಗಿ ಕಬ್ಬಿಣದ ಉಳಿ, ದೊಡ್ಡ ಹಡಗು ಒದಗಿಸಿದ. ಹಿಂದೆಂದೂ ಇಲ್ಲದಷ್ಟು ದೊಡ್ಡ ಕಲ್ಲುಗಳು, ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ಬಂದಿಳಿದವು. ಆದರೆ ಯಾಪ್‌ನವರು ಅವಕ್ಕೆ ಹಳೆಯ ಕಲ್ಲಿನ ಬೆಲೆ ಕೊಡಲಿಲ್ಲ. ಚಿಪ್ಪಿನ ಉಳಿಯಿಂದ ಕೆತ್ತಿ, ದೋಣಿಗೆ ಕಟ್ಟಿ, ಜೀವ ಪಣಕ್ಕಿಟ್ಟು ತಂದ ಸಣ್ಣ ಕಲ್ಲೇ ಅವರ ಕಣ್ಣಿಗೆ ಹೆಚ್ಚಿನದು. ಪಟ್ಟ ಪಾಡು ಎಷ್ಟೋ ಬೆಲೆ ಅಷ್ಟು. ಪ್ರಯಾಣದಲ್ಲಿ ಸಾವಾದರೆ ಕಲ್ಲಿನ ಬೆಲೆ ಇನ್ನೂ ಏರುತ್ತಿತ್ತು ಎಂಬುದನ್ನೂ ಹೇಳಬೇಕು. ಅದೊಂದನ್ನು ನಾವು ಅವರಿಂದ ಕಲಿಯಬೇಕಾಗಿಲ್ಲ. ಉಳಿದದ್ದು ಮಾತ್ರ ಹುಸ್ಕೂರಿಗೆ ಸರಿಯಾಗಿ ಹೊಂದುತ್ತದೆ.

ಟ್ರ್ಯಾಕ್ಟರು ಎಳೆಯುವ ನೂರಿಪ್ಪತ್ತು ಅಡಿ ಓಕೀಫನ ಹಡಗಿನ ಕಲ್ಲಿನ ಜಾತಿಗೆ ಸೇರಿದ್ದು. ಎತ್ತಿನ ಜೋಡಿಗಳಿಗೆ ಭಾರ ಗೊತ್ತಾಗುತ್ತದೆ. ಚಕ್ರ ಹುಗಿದರೆ ಅವು ನಿಲ್ಲುತ್ತವೆ, ಜನ ನೋಡಿ ಸರಿಪಡಿಸುತ್ತಾರೆ. ಎಂಜಿನ್‌ಗೆ ಆ ಸ್ಪರ್ಶವಿಲ್ಲ. ಅದು ಜಗ್ಗಿದ ರಭಸ ಬುಡದಲ್ಲಿ ಒಂದು ಗೇಣಾದರೆ ತುದಿಯಲ್ಲಿ ಮಾರುಗಟ್ಟಲೆ ತೂಗುತ್ತದೆ. ಗಾಳಿಯ ಲೆಕ್ಕವೂ ಹಾಗೇ. ಅಗಲ ಅಷ್ಟೇ ಇಟ್ಟು ಎತ್ತರ ಎರಡರಷ್ಟು ಮಾಡಿದರೆ ಗಾಳಿಗೆ ಒಡ್ಡುವ ಮೈ ಎರಡರಷ್ಟಾಗುತ್ತದೆ, ಆ ಗಾಳಿ ನೂಕುವ ಎತ್ತರವೂ ಎರಡರಷ್ಟಾಗುತ್ತದೆ. ಉರುಳಿಸುವ ಬಲ ನಾಲ್ಕರಷ್ಟು. ಮೇಲೆ ಹೋದಂತೆ ಗಾಳಿಯ ವೇಗ ಹೆಚ್ಚುವುದು ಬೇರೆ. ಬಟ್ಟೆ ಹೊದಿಸಿದ ಕುರ್ಜು ಆಗ ದೋಣಿಯ ಹಾಯಿಯಂತೆಯೇ ಗಾಳಿ ತುಂಬಿಕೊಳ್ಳುತ್ತದೆ. ಬೆಂಗಳೂರಿನ ಮಾರ್ಚ್–ಏಪ್ರಿಲ್ ಸಂಜೆಗಳಲ್ಲಿ ಗಾಳಿ ಯಾವಾಗ ಎದ್ದೀತೆಂದು ಯಾರೂ ಹೇಳಲಾರರು. ಎತ್ತರ ಬೆಳೆದ ವೇಗಕ್ಕೆ ಹಗ್ಗ ಹಿಡಿಯುವ ಕೈಗಳ ಕಲಿಕೆ ಬೆಳೆಯಲಾರದು, ಬೆಳೆದರೂ ಆ ಬಲದ ಮುಂದೆ ನಿಲ್ಲಲಾರದು.

ಹಾಗೆಂದು ನಿಷೇಧಿಸಿದರೆ ಆಗುವುದೇನು? ವರ್ಷಕ್ಕೊಮ್ಮೆ ಕಟ್ಟಿ ಬಿಚ್ಚುವ ವಿದ್ಯೆ ನಾಲ್ಕೈದು ವರ್ಷ ಕೈ ಬಿಟ್ಟರೆ ಹೋದಂತೆಯೇ. ಇಲ್ಲೂ ಮೈಕ್ರೋನೇಷ್ಯದವರ ಅನುಭವ ದೊಡ್ಡದು. ಯಾಪ್‌ಗೆ ಪೂರ್ವದ ಸತವಾಲ್ ಎಂಬ ಪುಟ್ಟ ದ್ವೀಪದಲ್ಲಿ ದೋಣಿಯ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಬಿಗಿಯುತ್ತಿದ್ದರು. ಸಮುದ್ರದ ಅಲೆ, ನಕ್ಷತ್ರ, ಹಕ್ಕಿಗಳನ್ನು ಓದಿ ದಾರಿ ಕಂಡುಕೊಳ್ಳುತ್ತಿದ್ದರು. ಅಲ್ಲಿನ ನಾವಿಕ ಮೌ ಪಿಯಾಲುಗ್ 1976ರಲ್ಲಿ ಹೋಕುಲೇಆ ಎಂಬ ದೋಣಿಯನ್ನು ಹವಾಯಿಯಿಂದ ತಾಹಿತಿಗೆ, ಸುಮಾರು 4,000 ಕಿ.ಮೀ., ಯಾವ ಉಪಕರಣವೂ ಇಲ್ಲದೆ ನಡೆಸಿದರು. ತಮ್ಮ ದ್ವೀಪದ ಹುಡುಗರಿಗೆ ಈ ವಿದ್ಯೆಯಲ್ಲಿ ಆಸಕ್ತಿ ಕಡಿಮೆಯಾಗುತ್ತಿದ್ದುದನ್ನು ಕಂಡು, ಮನೆತನದೊಳಗೇ ಉಳಿಯಬೇಕಿದ್ದ ಗುಟ್ಟನ್ನು ಹೊರಗಿನವರಿಗೂ ಕಲಿಸಿದರು. 2010ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರಿಂದ ಕಲಿತವರು ಸಾಗರದ ತುಂಬ ಇದ್ದರು.

ಹುಸ್ಕೂರಿನ ಸುತ್ತಲ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಎತ್ತುಗಳು ಎಷ್ಟು ಎಳೆಯಬಲ್ಲವೋ ಅಷ್ಟಕ್ಕೇ ಕುರ್ಜುವಿನ ಎತ್ತರ ನಿಲ್ಲಿಸಿ, ಎಲ್ಲ ಊರುಗಳೂ ಸೇರಿ ಆ ಮಾತಿಗೆ ಬದ್ಧರಾಗಿ. ಒಂದು ಊರು ಮಾತ್ರ ತಗ್ಗಿಸಿದರೆ ಅದಕ್ಕೆ ಅವಮಾನವೆನಿಸುತ್ತದೆ, ಎಲ್ಲರೂ ತಗ್ಗಿಸಿದರೆ ಯಾರಿಗೂ ಅಲ್ಲ. ತಾಲ್ಲೂಕು ಆಡಳಿತ ಬರೀ ನೋಟಿಸು ಕೊಟ್ಟು ಸುಮ್ಮನಾಗದೆ, ಕಟ್ಟುವ ದಿನವೇ ಎಂಜಿನಿಯರನ್ನು ಜೊತೆಗೆ ಕೂರಿಸಲಿ. ಗಾಳಿಯ ವೇಗ ಇಷ್ಟು ಮೀರಿದರೆ ಎಳೆಯುವುದಿಲ್ಲ ಎಂಬ ನಿಯಮ ಮಾಡಲಿ. ಎಲೆಕ್ಟ್ರಾನಿಕ್ ಸಿಟಿ, ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಇಂಥ ಲೆಕ್ಕ ಬಲ್ಲವರು ಸಾಕಷ್ಟು ಮಂದಿ ಇದ್ದೀರಿ. ಜಾತ್ರೆ ದಿನ ಟ್ರಾಫಿಕ್ಕೆಂದು ಸಿಡುಕುವ ಬದಲು ಒಂದು ವಾರ ಮುಂಚೆ ರಾಯಸಂದ್ರಕ್ಕೋ ದೊಡ್ಡನಾಗಮಂಗಲಕ್ಕೋ ಹೋಗಿ ಬನ್ನಿ. ಕುರ್ಜು ಕಟ್ಟುವವರ ಪಕ್ಕ ನಿಂತು ಯಾವ ಗಂಟು ಎಲ್ಲಿ ಹಾಕುತ್ತಾರೆಂದು ಕೇಳಿ, ಬರೆದಿಡಿ, ನಿಮಗೆ ಗೊತ್ತಿರುವ ಲೆಕ್ಕವನ್ನು ಅವರಿಗೂ ಹೇಳಿ.