‘ಔಟ್ ಆಫ್ ರೀಚ್’ ಎಂಬ ಆಂಗ್ಲ ನುಡಿಗಟ್ಟೂ ಕನ್ನಡದ ‘ಗಗನಕುಸುಮ’ವೂ

ಆಂಗ್ಲಭಾಷೆಯಲ್ಲಿ ‘ಔಟ್ ಆಫ್ ರೀಚ್’ ಎಂಬುದು ಬಹುಪ್ರಚುರವಾದ ನುಡಿಗಟ್ಟು. ಇದನ್ನು ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ ತೋರಿಸೆಂದು ವಿದ್ಯಾರ್ಥಿಯನ್ನು ಕೇಳುವುದು ಪಾಠಶಾಲೆಗಳಲ್ಲಿ ವಾಡಿಕೆ. ವಿದ್ಯಾರ್ಥಿಯು ಆಂಗ್ಲವಾಕ್ಯವನ್ನು ಹೇಗೋ ರಚಿಸುತ್ತಾನೆ. ಅದನ್ನೇ ಕನ್ನಡಿಸೆಂದಾಗ ತೊಡಕು ತಲೆದೋರುತ್ತದೆ. ಮನೆಯಾಗಲಿ ವಿದ್ಯೆಯಾಗಲಿ ನ್ಯಾಯವಾಗಲಿ, ಯಾವುದು ಯಾರಿಗೆ ದೊರೆಯದಿದ್ದರೂ ಅದನ್ನು ‘ಗಗನಕುಸುಮ’ವೆಂಬ ಒಂದೇ ಮಾತಿನಿಂದ ಹೇಳಿ ಮುಗಿಸುವ ರೂಢಿಯು ವೃತ್ತಪತ್ರಿಕೆಗಳಿಂದ ಹಿಡಿದು ಪರೀಕ್ಷೆಯ ಉತ್ತರಗಳವರೆಗೂ ಹಬ್ಬಿದೆ. ಈ ಎರಡು ಮಾತುಗಳಿಗೂ ಅರ್ಥವು ಸಮಾನವೆ, ಅಲ್ಲದಿದ್ದರೆ ಭೇದವೆಲ್ಲಿ ಎಂಬುದು ವಿಚಾರಾರ್ಹವಾಗಿದೆ.

ಮೊದಲು ಆಂಗ್ಲಪದವನ್ನು ನೋಡತಕ್ಕದ್ದು. ‘ರೀಚ್’ ಎಂಬ ಧಾತುವಿಗೆ ಪ್ರಾಚೀನಾಂಗ್ಲದಲ್ಲಿ ಕೈಯನ್ನು ಚಾಚುವುದೆಂಬುದು ಮೂಲಾರ್ಥ. ಜರ್ಮನ್ ಭಾಷೆಯ ‘ರೈಖೆನ್’ ಎಂಬುದು ಅದಕ್ಕೆ ಸೋದರ. ಅದೇ ನಾಮಪದವಾದಾಗ ಚಾಚಿದ ಕೈಯ ಅಳವು ಎಂದಾಗುತ್ತದೆ. ಆದುದರಿಂದ ಈ ನುಡಿಗಟ್ಟಿನ ಪ್ರತಿಯೊಂದು ಪ್ರಯೋಗದಲ್ಲಿಯೂ ಮೂರು ಸಂಗತಿಗಳು ಅಡಗಿರುತ್ತವೆ: ಚಾಚುವ ಕೈಯೊಂದು, ನಿಜವಾಗಿಯೂ ಇರುವ ವಸ್ತುವೊಂದು, ಇವೆರಡರ ನಡುವೆ ದೂರವೊಂದು. ಔಷಧದ ಸೀಸೆಗಳ ಮೇಲೆ ‘ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್’ ಎಂದು ಮುದ್ರಿಸಿರುವುದು ಸರ್ವವಿದಿತ. ಇದನ್ನು ‘ಮಕ್ಕಳ ಕೈಗೆ ಎಟುಕದಂತೆ ಇಡಿ’ ಎಂದು ಕನ್ನಡಿಸುವರು. ‘ಮಕ್ಕಳಿಗೆ ಗಗನಕುಸುಮವಾಗುವಂತೆ ಇಡಿ’ ಎಂದು ಯಾರೂ ಬರೆಯರು. ಬರೆದರೆ ಔಷಧವನ್ನು ಎಲ್ಲಿಡಬೇಕೆಂಬುದು ಮನೆಯವರಿಗೂ ತಿಳಿಯದು. ಅಪರಾಧಿಯೊಬ್ಬನು ರಾಜ್ಯದ ಗಡಿಯನ್ನು ದಾಟಿ ತಪ್ಪಿಸಿಕೊಂಡರೆ ಅವನು ಶಾಸನದ ‘ರೀಚ್’ಗೆ ಹೊರಗಾದನೆಂದು ಆಂಗ್ಲರು ಹೇಳುತ್ತಾರೆ, ಇಲ್ಲಿ ಕೈ ಚಾಚುವುದು ಶಾಸನ, ಎಟುಕದೆ ಉಳಿಯುವುದು ಮನುಷ್ಯ. ಇನ್ನೂ ಗಮನಿಸಬೇಕಾದುದೇನೆಂದರೆ ಈ ಮಾತಿಗೆ ‘ವಿದಿನ್ ರೀಚ್’ ಎಂಬ ಪ್ರತಿಪಕ್ಷವಿದೆ, ತರತಮಭಾವವೂ ಇದೆ. ‘ಜಸ್ಟ್ ಔಟ್ ಆಫ್ ರೀಚ್’ ಎಂದರೆ ಇನ್ನೊಂದು ಗೇಣು ಚಾಚಿದ್ದರೆ ಸಿಕ್ಕುತ್ತಿತ್ತು ಎಂದರ್ಥ. ಗಗನಕುಸುಮಕ್ಕೆ ಪ್ರತಿಪಕ್ಷವೆಲ್ಲಿ? ‘ಸ್ವಲ್ಪ ಗಗನಕುಸುಮ’ ಎಂಬ ಮಾತುಂಟೆ?

ಗಗನಕುಸುಮ, ಖಪುಷ್ಪ, ಶಶಶೃಂಗ, ವಂಧ್ಯಾಪುತ್ರ ಇವು ಶಾಸ್ತ್ರಗಳಲ್ಲಿ ಒಂದೇ ಪಂಕ್ತಿಗೆ ಸೇರಿದ ದೃಷ್ಟಾಂತಗಳು. ಪದಗಳಿವೆ, ಪದಗಳನ್ನು ಕೇಳಿದೊಡನೆ ಒಂದು ವಿಧವಾದ ಬುದ್ಧಿಯೂ ಹುಟ್ಟುತ್ತದೆ, ಆದರೆ ವಸ್ತುವಿಲ್ಲ. ಯೋಗಸೂತ್ರದಲ್ಲಿ ಇಂಥ ಬುದ್ಧಿಗೆ ವಿಕಲ್ಪವೆಂದು ಹೆಸರು. ಅದ್ವೈತಿಗಳು ಇದನ್ನು ತುಚ್ಛವೆಂದು ಕರೆದು, ಶುಕ್ತಿಯಲ್ಲಿ ತೋರುವ ರಜತದಿಂದಲೂ ಬೇರ್ಪಡಿಸಿದರು. ರಜತವು ತೋರಿಯಾದರೂ ತೋರಿತು, ಆಕಾಶದ ಹೂವು ಯಾರಿಗೂ ತೋರಲಿಲ್ಲ. ಬಂಜೆಯ ಮಗನು ಮರೀಚಿಕೆಯ ನೀರಿನಲ್ಲಿ ಮಿಂದು, ಆಕಾಶದ ಹೂವನ್ನು ಮುಡಿದು, ಮೊಲದ ಕೊಂಬಿನ ಬಿಲ್ಲನ್ನು ಹಿಡಿದು ಹೊರಟನೆಂಬ ವಿನೋದಶ್ಲೋಕವು ಪಾಠಶಾಲೆಯ ಬಾಲಕರಿಗೆಲ್ಲ ಪರಿಚಿತವಾದುದು.

ಹೀಗಿರಲು ‘ಇಲ್ಲದ್ದು’ ಎಂಬ ಅರ್ಥದ ಮಾತು ಕನ್ನಡದಲ್ಲಿ ‘ಇದ್ದೂ ದೊರೆಯದ್ದು’ ಎಂಬ ಅರ್ಥಕ್ಕೆ ಹೇಗೆ ತಿರುಗಿತು? ಶಶಶೃಂಗವೂ ವಂಧ್ಯಾಪುತ್ರನೂ ಹಾಗೆ ತಿರುಗಲಿಲ್ಲವೆಂಬುದು ಇಲ್ಲಿ ಸ್ಮರಣೀಯ. ‘ಬಡವನಿಗೆ ಮನೆಯೆಂಬುದು ಮೊಲದ ಕೊಂಬು’ ಎಂದು ಯಾರೂ ಹೇಳುವುದಿಲ್ಲ. ಮೊಲದ ಕೊಂಬನ್ನು ಬಯಸುವವರಿಲ್ಲ. ಹೂವು ಬಯಕೆಗೆ ವಿಷಯ, ಅದೂ ಎತ್ತರದಲ್ಲಿರುವ ಹೂವು. ‘ಗಗನ’ವೆಂಬ ಪದವು ಎತ್ತರವನ್ನೂ ‘ಕುಸುಮ’ವೆಂಬ ಪದವು ಕೊಯ್ಯುವ ಕೈಯನ್ನೂ ಮನಸ್ಸಿಗೆ ತರುವುದರಿಂದ ಅಸತ್ತಿನ ದೃಷ್ಟಾಂತವು ತಾನಾಗಿಯೇ ದೂರದ ಚಿತ್ರವಾಯಿತೆಂದು ಊಹಿಸಬಹುದು. ಮುಖ್ಯಾರ್ಥಕ್ಕೆ ಬಾಧೆ, ಅದರೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ ಇವು ಲಕ್ಷಣೆಗೆ ಕಾರಣವೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ಹೇಳಿರುವುದು ಇಲ್ಲಿ ಚೆನ್ನಾಗಿ ಹೊಂದುತ್ತದೆ. ದರ್ಭೆಯನ್ನು ತರುವವನು ಎಂಬ ವ್ಯುತ್ಪತ್ತಿಯ ‘ಕುಶಲ’ ಶಬ್ದವು ನಿಪುಣನಿಗೆ ಹೆಸರಾಗಬಹುದಾದರೆ ಗಗನಕುಸುಮವು ದುರ್ಲಭಕ್ಕೆ ಹೆಸರಾಗಬಾರದೇಕೆ? ರೂಢಿಯನ್ನು ಅಪಶಬ್ದವೆಂದು ತಳ್ಳಿಹಾಕುವುದು ವೈಯಾಕರಣಧರ್ಮವಲ್ಲ.

ಈ ಪ್ರಯೋಗಕ್ಕೆ ತರ್ಕಶಾಸ್ತ್ರದ ಕಡೆಯಿಂದಲೂ ಒಂದು ಸಮರ್ಥನೆಯನ್ನು ಕಲ್ಪಿಸಬಹುದು. ‘ಶಶಶೃಂಗವಿಲ್ಲ’ ಎಂಬ ವಾಕ್ಯವೇ ನೈಯಾಯಿಕರಿಗೆ ಒಂದು ಸಮಸ್ಯೆ. ಎಲ್ಲಿಯೂ ಇಲ್ಲದ ವಸ್ತುವು ಅಭಾವಕ್ಕೆ ಪ್ರತಿಯೋಗಿಯಾಗಲಾರದೆಂಬುದು ಅವರ ಮತ. ಆದುದರಿಂದ ಅವರು ಅದನ್ನು ‘ಮೊಲದಲ್ಲಿ ಕೊಂಬಿಲ್ಲ’ ಎಂದು ಬಿಡಿಸಿ ಅರ್ಥಮಾಡುತ್ತಾರೆ. ಮೊಲವೂ ಉಂಟು, ಹಸುವಿನ ತಲೆಯ ಮೇಲೆ ಕೊಂಬೂ ಉಂಟು. ಇಲ್ಲದಿರುವುದು ಅವೆರಡರ ಸಂಬಂಧ ಮಾತ್ರ. ‘ಬಡವನಿಗೆ ಮನೆ ಗಗನಕುಸುಮ’ ಎಂಬ ಕನ್ನಡವಾಕ್ಯವೂ ಇದೇ ಜಾಡಿನದು: ಬಡವನಿದ್ದಾನೆ, ಮನೆಗಳೂ ಇವೆ, ಸಂಬಂಧವಿಲ್ಲ. ‘ಬಡವನಿಗೆ’ ಎಂಬ ಚತುರ್ಥಿಯೇ ಇದಕ್ಕೆ ಸಾಕ್ಷಿ. ಶಾಸ್ತ್ರದ ಗಗನಕುಸುಮವು ಇಂಥವನಿಗೆ ಉಂಟು ಇಂಥವನಿಗೆ ಇಲ್ಲ ಎಂಬ ಭೇದವನ್ನು ಸಹಿಸದು, ಕನ್ನಡದ್ದು ಸಹಿಸುತ್ತದೆ.

ಆದರೆ ಈ ಸಮರ್ಥನೆಯು ಅರ್ಧದಾರಿಯವರೆಗೆ ಮಾತ್ರ ಬರುತ್ತದೆ. ಮೊಲಕ್ಕೂ ಕೊಂಬಿಗೂ ಇರುವ ಸಂಬಂಧಾಭಾವವು ಮೂರು ಕಾಲದಲ್ಲಿಯೂ ತಪ್ಪದ ಅತ್ಯಂತಾಭಾವ. ಬಡವನಿಗೂ ಮನೆಗೂ ಇರುವುದು ಅಂಥದಲ್ಲ. ಅದನ್ನು ಪ್ರಾಗಭಾವಕ್ಕೆ ಹೋಲಿಸುವುದು ಹೆಚ್ಚು ಸರಿ. ಗಡಿಗೆಯು ಹುಟ್ಟುವ ಮೊದಲು ಇರುವ ಅಭಾವಕ್ಕೆ ಆದಿಯಿಲ್ಲ, ಅಂತವುಂಟು. ಭಾರತದಲ್ಲಿ 2002ರಲ್ಲಿ ಆದ ಸಂವಿಧಾನದ 86ನೆಯ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕಾಯಿತು. ಅದಕ್ಕೆ ಬೇಕಾದ ಶಾಸನವು 2009ರಲ್ಲಿ ರಚಿತವಾಗಿ 2010ರ ಏಪ್ರಿಲಿನಿಂದ ಜಾರಿಗೆ ಬಂದಿತು. ಅನಂತರವೂ ‘ಕೂಲಿಯವರ ಮಕ್ಕಳಿಗೆ ಶಾಲೆ ಗಗನಕುಸುಮ’ ಎಂದು ಬರೆದರೆ, ಯಾರೋ ಮಾಡಬೇಕಾದ ಕೆಲಸವನ್ನು ಮಾಡದೆ ಬಿಟ್ಟದ್ದರ ಫಲವನ್ನು ಪ್ರಕೃತಿಯ ನಿಯಮವೆಂದು ಹೇಳಿದಂತಾಗುವುದು. ‘ಶಾಲೆ ಎಟುಕದಾಗಿದೆ’ ಎಂದರೆ ದೂರವೆಷ್ಟು, ಅಡ್ಡಿ ಯಾವುದು ಎಂಬ ಪ್ರಶ್ನೆಗಳು ಕೂಡಲೆ ಏಳುತ್ತವೆ. ಗಗನಕುಸುಮದ ಮುಂದೆ ಪ್ರಶ್ನೆಗೆ ಎಡೆಯಿಲ್ಲ. ಚಂದ್ರನು ಸಹ ಗಗನದಲ್ಲಿದ್ದವನೇ ಹೊರತು ಗಗನಕುಸುಮವಾಗಿರಲಿಲ್ಲ. 1969ರಲ್ಲಿ ಮನುಷ್ಯನು ಅಲ್ಲಿ ಕಾಲಿಟ್ಟನು. 2023ರ ಆಗಸ್ಟ್ 23ರಂದು ಭಾರತದ ಚಂದ್ರಯಾನ-3 ಅಲ್ಲಿನ ದಕ್ಷಿಣಧ್ರುವದ ಸಮೀಪದಲ್ಲಿ ಇಳಿಯಿತು.

ಹಾಗಾದರೆ ಆಂಗ್ಲದ ನುಡಿಗಟ್ಟಿಗೆ ನೇರವಾಗಿ ಒಪ್ಪುವ ಚಿತ್ರವು ಸಂಸ್ಕೃತದಲ್ಲಿ ಇಲ್ಲವೆ? ಉಂಟು. ರಘುವಂಶದ ಆರಂಭದಲ್ಲಿ ಕಾಳಿದಾಸನು ಕವಿಕೀರ್ತಿಯನ್ನು ಬಯಸುವ ತನ್ನನ್ನು, ಎತ್ತರದ ಆಳಿಗೆ ಮಾತ್ರ ಸಿಕ್ಕುವ ಹಣ್ಣಿಗಾಗಿ ತೋಳನ್ನೆತ್ತಿದ ಕುಳ್ಳನಿಗೆ ಹೋಲಿಸಿಕೊಂಡಿದ್ದಾನೆ. ಕೈ, ಹಣ್ಣು, ದೂರ ಮೂರೂ ಅಲ್ಲಿವೆ. ಹಣ್ಣು ಬೇರೊಬ್ಬನಿಗೆ ಸಿಕ್ಕುತ್ತದೆಂಬುದೂ ಇದೆ. ದ್ರಾವಿಡಭಾಷೆಗಳಲ್ಲಿಯೂ ಹಣ್ಣೇ ಮುಂದಾಗಿದೆ. ತಮಿಳರು ‘ಎಟ್ಟಾಕ್ಕನಿ’ ಎಂದರೆ ತೆಲುಗರು ‘ಅಂದನಿ ಮ್ರಾನಿಪಂಡು’ ಎನ್ನುತ್ತಾರೆ. ತಮಿಳಿನ ‘ಎಟ್ಟು’ ಧಾತುವು ಕನ್ನಡದ ‘ಎಟುಕು’ವಿಗೆ ಸಜಾತೀಯ. ಈಸೋಪನ ನರಿಯ ಕಥೆಯು ಕನ್ನಡಕ್ಕೆ ಬಂದಾಗ ‘ಎಟುಕದ ದ್ರಾಕ್ಷಿ ಹುಳಿ’ ಎಂದು ಗಾದೆಯಾಗಿ ನಿಂತದ್ದೂ ಈ ಧಾತುವಿನ ಬಲದಿಂದಲೇ.

ಕನ್ನಡಕ್ಕಾದರೋ ಇಲ್ಲಿ ಪದದಾರಿದ್ರ್ಯವಿಲ್ಲ. ಬೆಲೆಯ ವಿಷಯದಲ್ಲಿ ‘ಕೈಗೆಟುಕದು’ ಎಂಬುದೇ ಸಹಜ. ಬುದ್ಧಿ, ಊಹೆ, ಕಲ್ಪನೆಗಳ ವಿಷಯದಲ್ಲಿ ‘ನಿಲುಕು’ ಧಾತುವಿಗೆ ಪ್ರಾಶಸ್ತ್ಯ: ‘ಊಹೆಗೆ ನಿಲುಕದ ಮಾತು’. ‘ದಕ್ಕು’ ಎಂಬುದು ಇವೆರಡಕ್ಕಿಂತ ಭಿನ್ನ. ಕೈಗೆ ಬಂದ ಮೇಲೂ ತನ್ನದಾಗಿ ಉಳಿಯದುದನ್ನು ಅದು ಹೇಳುತ್ತದೆ. ವ್ಯಾಜ್ಯದಲ್ಲಿ ಗೆದ್ದ ಹೊಲವು ಸಾಲಕ್ಕೆ ಹೋದರೆ ‘ಹೊಲ ಎಟುಕಲಿಲ್ಲ’ ಎನ್ನಬಾರದು, ‘ದಕ್ಕಲಿಲ್ಲ’ ಎನ್ನಬೇಕು. ಈ ಸೂಕ್ಷ್ಮಭೇದವನ್ನು ಆಂಗ್ಲದ ಒಂದು ನುಡಿಗಟ್ಟು ತೋರಿಸಲಾರದು. ಹತ್ತಿರ ಬಂದಂತೆ ತೋರುತ್ತ, ಹೆಜ್ಜೆಯಿಟ್ಟಷ್ಟೂ ಹಿಂದೆ ಸರಿಯುವುದಕ್ಕೆ ‘ಬಿಸಿಲುಗುದುರೆ’ ಎಂಬ ಅಚ್ಚಗನ್ನಡದ ಮಾತಿದೆ. ಪ್ರತಿವರ್ಷವೂ ಬರುವುದೆಂದು ಹೇಳಿಸಿಕೊಂಡು ಬಾರದೆ ಹೋಗುವ ಕಾಲುವೆಯ ನೀರನ್ನು ಕುರಿತು ಬರೆಯುವಾಗ ಬೇಕಾದುದು ಅದೇ. ಅಲ್ಲಿ ಗಗನಕುಸುಮವೂ ಸಲ್ಲದು, ‘ಎಟುಕದು’ ಎಂಬುದೂ ಸಾಲದು.